ಸುಳ್ಳೇ ಇಲ್ಲದ ಮೇಲ್

"ಇದ್ರಲ್ಲಿ ಯಾವ ಮಾತು ಸುಳ್ಳು, ತೋರ್ಸಿ ನೋಡೋಣ" ಅಂದರು ನಮ್ಮ ಟೀಮ್ ಲೀಡ್. ತೋರಿಸೋಕೆ ಒಂದೂ ಇರಲಿಲ್ಲ. ಗ್ರಾಹಕರಿಗೆ ಹೋಗಬೇಕಿದ್ದ ಮೇಲ್ ಅದು. ಕೆಲಸ ಬಹುಪಾಲು ಮುಗಿದಿದೆ, ಟೆಸ್ಟಿಂಗ್ ನಡೆಯುತ್ತಿದೆ, ಪೇಮೆಂಟ್ ಭಾಗವನ್ನು ಮತ್ತೊಮ್ಮೆ ನೋಡುತ್ತಿದ್ದೇವೆ ಅಂತ ಬರೆದಿದ್ದರು. ಎಲ್ಲಾ ನಿಜ. ಆದರೆ ಮತ್ತೊಮ್ಮೆ ನೋಡುತ್ತಿದ್ದದ್ದು ಯಾಕೆ ಅಂದರೆ ಆ ಭಾಗ ಟೆಸ್ಟ್‌ನಲ್ಲಿ ಫೇಲ್ ಆಗಿತ್ತು, ಸೋಮವಾರಕ್ಕೆ ಸರಿಹೋಗುವ ಲಕ್ಷಣ ಯಾರಿಗೂ ಕಾಣುತ್ತಿರಲಿಲ್ಲ, ಅತ್ತ ಗ್ರಾಹಕರು ಸೋಮವಾರವೇ ಶುರು ಅಂತ ಜಾಹೀರಾತು ಕೊಡೋಕೆ ತಯಾರಾಗಿದ್ದರು.

ಪಾಲ್ ಗ್ರೈಸ್ ಅನ್ನೋ ತತ್ವಶಾಸ್ತ್ರಜ್ಞ 1975ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇದರ ಗುಟ್ಟು ಬಿಡಿಸಿಟ್ಟಿದ್ದಾರೆ. ಮಾತಾಡುವಾಗ ಎದುರಿನವರು ಬೇಕಾದಷ್ಟು ಹೇಳುತ್ತಾರೆ, ನಿಜ ಹೇಳುತ್ತಾರೆ, ವಿಷಯಕ್ಕೆ ಸಂಬಂಧಪಟ್ಟದ್ದನ್ನೇ, ಅರ್ಥವಾಗುವ ಹಾಗೆ ಹೇಳುತ್ತಾರೆ ಅಂತ ನಾವು ನಂಬಿಕೊಂಡೇ ಕೇಳುತ್ತೇವಂತೆ. ಆ ನಂಬಿಕೆ ಇರೋದರಿಂದಲೇ ಬಿಟ್ಟ ಜಾಗವನ್ನು ನಾವೇ ತುಂಬಿಕೊಳ್ಳುತ್ತೇವೆ. 'ಟೆಸ್ಟಿಂಗ್ ನಡೆಯುತ್ತಿದೆ' ಅಂದರೆ 'ಚೆನ್ನಾಗಿಯೇ ನಡೆಯುತ್ತಿದೆ' ಅಂತ ಗ್ರಾಹಕರು ಓದಿಕೊಳ್ಳುತ್ತಾರೆ. ಲೀಡ್‌ಗೆ ಬೇಕಿದ್ದದ್ದೂ ಅದೇ ಅಲ್ವಾ?

ಹಾಗಂತ ಎಲ್ಲವನ್ನೂ ಸುರಿದುಬಿಡಬೇಕು ಅಂತ ನಾನು ಹೇಳಲ್ಲ. ಅದೇ ಮೇಲ್‌ನಲ್ಲಿ, ಹೊಸದಾಗಿ ಸೇರಿದ ಒಬ್ಬ ಡೆವಲಪರ್‌ನಿಂದ ತಡವಾಯಿತು ಅಂತ ಹೆಸರು ಸಮೇತ ಒಂದು ಸಾಲಿತ್ತು. ಅದನ್ನು ತೆಗೆಯೋಣ ಅಂದೆ. ನಾನು ನೋಡೋದು ಇಷ್ಟೇ, ಈ ವಿಷಯ ಗೊತ್ತಾದರೆ ಓದುವವರ ತೀರ್ಮಾನ ಬದಲಾಗುತ್ತಾ? ಪೇಮೆಂಟ್ ಕೆಲಸ ಮಾಡುತ್ತಿಲ್ಲ ಅಂತ ಗೊತ್ತಾದರೆ ಜಾಹೀರಾತು ನಿಲ್ಲಿಸುತ್ತಾರೆ. ಆ ಹುಡುಗನ ಹೆಸರು ಗೊತ್ತಾದರೆ ಏನೂ ಬದಲಾಗಲ್ಲ, ಅವನ ಮಾನ ಹೋಗುತ್ತೆ ಅಷ್ಟೇ. ನಮಗೇ ನೋವಾಗೋದನ್ನು ಮುಚ್ಚಿಟ್ಟು ಇನ್ನೊಬ್ಬರಿಗೆ ನೋವಾಗೋದನ್ನು ಮಾತ್ರ ಬಿಚ್ಚಿ ಹೇಳೋದಕ್ಕೆ ಪಾರದರ್ಶಕತೆ ಅನ್ನೋ ದೊಡ್ಡ ಹೆಸರು ಬೇರೆ! ಗ್ರಾಹಕರ ಮೇಲಧಿಕಾರಿಯನ್ನು ಬಿಸಿಸಿಯಲ್ಲಿ, ಅಂದರೆ ಮೇಲ್ ಅವರಿಗೂ ಹೋಗುತ್ತೆ ಅಂತ ಉಳಿದವರಿಗೆ ಕಾಣದ ಹಾಗೆ, ಹಾಕುವ ಸಲಹೆಯೂ ಬಂತು. ಬಾಗಿಲ ಹಿಂದೆ ಒಬ್ಬರನ್ನು ನಿಲ್ಲಿಸಿಕೊಂಡು ಮಾತಾಡಿದ ಹಾಗೆ ಅದು, ಬೇಡ ಅಂದೆ.

ಸ್ವಲ್ಪ ಜಗ್ಗಾಟವಾಯಿತು. ಕೊನೆಗೆ ಪೇಮೆಂಟ್ ಫೇಲ್ ಆಗುತ್ತಿದೆ, ಸೋಮವಾರ ಆಗಲ್ಲ, ಹೊಸ ದಿನಾಂಕವನ್ನು ನಾಳೆ ಸಂಜೆಯೊಳಗೆ ತಿಳಿಸುತ್ತೇವೆ ಅಂತ ಬರೆದು ಕಳಿಸಿದೆವು. ಗ್ರಾಹಕರು ಫೋನ್ ಮಾಡಿ ಚೆನ್ನಾಗಿ ಬೈದರು. ಜಾಹೀರಾತನ್ನು ಮುಂದಕ್ಕೆ ಹಾಕಿದರು.

ಸಂಜೆ ಮನೆಯವರ ಸರದಿ. ತಂಗಿ ಕೆಲಸ ಬಿಡುವ ಯೋಚನೆಯಲ್ಲಿದ್ದಳು, ಯಾರಿಗೂ ಹೇಳಬೇಡ ಅಂತ ನನಗೆ ಮೊದಲೇ ಹೇಳಿದ್ದಳು. ಅಣ್ಣನಿಗೆ ಎಲ್ಲಿಂದ ವಾಸನೆ ಹೊಡೆಯಿತೋ, ಫೋನ್ ಮಾಡಿ ನೇರವಾಗಿ ಕೇಳಿದ, "ಅವ್ಳು ಕೆಲ್ಸ ಬಿಡ್ತಾಳಂತೆ, ಹೌದಾ?" ನಾನು "ಅದನ್ನ ಅವ್ಳನ್ನೇ ಕೇಳಣ್ಣ" ಅಂದೆ. "ಹಾಗಾದ್ರೆ ಹೌದು ಅಂತಾಯ್ತು" ಅಂದ.

ನೋಡಿ, ಇಲ್ಲೂ ಗ್ರೈಸ್ ಹೇಳಿದ್ದೇ. ನಾನು ಏನೂ ಹೇಳಲಿಲ್ಲ, ಆದರೂ ಅವನಿಗೆ ಎಲ್ಲಾ ಗೊತ್ತಾಯಿತು. ಬೆಳಿಗ್ಗೆ ನಿಜದ ಮಾತುಗಳೇ ಸುಳ್ಳು ನಂಬಿಸಲು ಹೊರಟಿದ್ದವು, ಸಂಜೆ ಬಾಯಿ ಬಿಡದಿದ್ದರೂ ಗುಟ್ಟು ರಟ್ಟಾಯಿತು. ಇದಕ್ಕೆ ಸರಿಯಾದ ಉತ್ತರ ಯಾವುದು ಅಂತ ನನಗಿನ್ನೂ ಪೂರ್ತಿ ಹೊಳೆದಿಲ್ಲ. ಅಣ್ಣ ಕೇಳುವ ಮೊದಲೂ ಅವನ ಹತ್ತಿರ ಬೇರೆಯವರ ವಿಷಯಕ್ಕೆಲ್ಲ 'ಅವ್ರನ್ನೇ ಕೇಳು' ಅನ್ನೋದು ನನ್ನ ರೂಢಿಯಾಗಿದ್ದರೆ, ಆ ಉತ್ತರದಿಂದ ಅವನು ಏನನ್ನೂ ಊಹಿಸಲು ಆಗುತ್ತಿರಲಿಲ್ಲ.

ಅವನು ತಂಗಿಗೆ ಫೋನ್ ಮಾಡುವ ಮೊದಲೇ ನಾನೇ ಅವಳಿಗೆ ಮಾಡಿ, ಅಣ್ಣ ಕೇಳಿದ್ದು, ನಾನು ಅಂದದ್ದು, ಅವನು ಊಹಿಸಿದ್ದು, ಮೂರನ್ನೂ ಇದ್ದ ಹಾಗೆ ಹೇಳಿದೆ. "ಸುಮ್ನೆ 'ಗೊತ್ತಿಲ್ಲ' ಅಂದಿದ್ರೆ ಏನಾಗ್ತಿತ್ತು?" ಅಂತ ರೇಗಿದಳು. ನಿನ್ನ ಗುಟ್ಟು ಕಾಪಾಡ್ತೀನಿ, ಆದ್ರೆ ಯಾರಾದ್ರೂ ನೇರವಾಗಿ ಕೇಳಿದ್ರೆ ಸುಳ್ಳು ಹೇಳಲ್ಲ, ಇನ್ಮೇಲೆ ಅದನ್ನ ಲೆಕ್ಕ ಇಟ್ಕೊಂಡೇ ಹೇಳು ಅಂದೆ. ಅಂಥ ಸಣ್ಣ ಸುಳ್ಳೂ ಹೇಳದವರಿಗೆ ಗುಟ್ಟು ಹೇಳಿ ಏನು ಪ್ರಯೋಜನ ಅನ್ನೋದು ಅವಳ ವಾದ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಇನ್ನೂ ಹೊಂದಿಕೆಯಾಗಿಲ್ಲ.