ಬಣ್ಣ ಹೋಗಿದೆಯಲ್ಲ ಮಾರಾಯ

ಹಲಸಿನ ಮರವನ್ನು ಕೊಯ್ದ ದಿನವೇ ನೋಡಿದವರು ಆ ಹಳದಿಯನ್ನು ಮರೆಯುವುದಿಲ್ಲ. ಮೊರಿನ್ ಎಂಬ ವಸ್ತು ಆ ಬಣ್ಣ ಕೊಡುತ್ತದೆ. ಈ ಮರದ ಚೇಗನ್ನು, ಎಂದರೆ ಒಳಗಿನ ಗಟ್ಟಿ ತಿರುಳನ್ನು, ಕುದಿಸಿದ ನೀರಿನಲ್ಲೇ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದರೂ ಕಳೆದ ಭಾನುವಾರ ಮಂಗಳೂರಿನ ಬಿಜೈಯಲ್ಲಿ, ಅಣ್ಣನ ಫ್ಲ್ಯಾಟಿನಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಅತ್ತಿಗೆ ಕೇಳಿದ್ದಕ್ಕೆ ನನಗೆ ಉತ್ತರ ಹೊಳೆಯಲಿಲ್ಲ.

“ನೀನು ಕೊಟ್ಟ ಬಟ್ಟಲಿನ ಬಣ್ಣ ಹೋಗಿದೆಯಲ್ಲ ಮಾರಾಯ? ಪಾಲಿಶ್ ಸರಿಯಿಲ್ಲವೇನೋ.”

ಗೃಹಪ್ರವೇಶಕ್ಕೆಂದು ಬೀಟೆ ಮತ್ತು ಹಲಸು ಸೇರಿಸಿ ನಾನೇ ಲೇತಿನಲ್ಲಿ ಕಡೆದ ಬಟ್ಟಲು ಅದು. ಪಶ್ಚಿಮದ ಕಿಟಕಿಯ ಎದುರು, ಗಾಜಿನ ಕಪಾಟಿನಲ್ಲಿತ್ತು. ಹಲಸು ಕಂದಾಗಿತ್ತು, ಬೀಟೆಯ ನೇರಳೆ ಛಾಯೆ ಇಳಿದು ಅದೂ ಕಂದಿನ ಕಡೆಗೇ ಬಂದಿತ್ತು. ಅತ್ತಿಗೆ ಕೆಟ್ಟವರಲ್ಲ. ಅವರು ಮಾಡುವ ಪತ್ರೊಡೆಗಾಗಿ ನಾನು ಉಡುಪಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದೇನು. ಆದರೆ ಮನೆಗೆ ಬಂದ ಉಡುಗೊರೆಗಳಿಗೆಲ್ಲ ಮನಸ್ಸಿನಲ್ಲೇ ಗ್ಯಾರಂಟಿ ಕಾರ್ಡು ಬರೆದಿಟ್ಟುಕೊಳ್ಳುವ ಸ್ವಭಾವ ಅವರದು. ಅಣ್ಣ ಟಿವಿಯಿಂದ ಕಣ್ಣು ತೆಗೆಯದೆ “ಹೌದೌದು” ಎಂದ. ಅವನು ಆ ಬಟ್ಟಲನ್ನು ಒಮ್ಮೆಯಾದರೂ ಸರಿಯಾಗಿ ನೋಡಿದ್ದಾನೆಂದು ನನಗೆ ನಂಬಿಕೆಯಿಲ್ಲ.

ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ದಾರಿಯುದ್ದಕ್ಕೂ ಕಿವಿಯಲ್ಲಿ ಅದೇ: ಬಣ್ಣ ಹೋಗಿದೆಯಲ್ಲ, ಬಣ್ಣ ಹೋಗಿದೆಯಲ್ಲ. ಮೂಲ್ಕಿ ದಾಟುವ ಹೊತ್ತಿಗೆ ಸಿಟ್ಟು ಬಂತು.

ಅದನ್ನು ಮಾಡುವುದೆಂದರೆ ಏನೆಂದು ಇವರಿಗೇನು ಗೊತ್ತು? ಬೀಟೆಯನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಮುರಿದ ಹಳೆಯ ಮಂಚದ ಕಾಲನ್ನು ಕಾಡಿ ಬೇಡಿ ತಂದದ್ದು. ಬಟ್ಟಲಿನ ಒಡಲೆಂದರೆ ಮರದ ತುಂಡುಗಳನ್ನು ಸುತ್ತ ಅಂಟಿಸಿ ಮಾಡಿದ ಬಳೆಗಳ ಅಟ್ಟಿ. ಒಂದು ಬಳೆಗೆ 12 ತುಂಡು, ಆರು ಬೀಟೆ, ಆರು ಹಲಸು. ಪ್ರತಿ ತುಂಡಿನ ಎರಡೂ ತುದಿಗೆ 15 ಡಿಗ್ರಿಯ ಓರೆ ಕೊಯ್ತ. ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೆ ಏನಂತೆ ಎನ್ನುವವರು ಲೆಕ್ಕ ಹಾಕಲಿ: 24 ಕೊಯ್ತಕ್ಕೆ 12 ಡಿಗ್ರಿ, ಬಳೆ ಕೂಡುವಲ್ಲಿ ಬಾಯಿ ತೆರೆದುಕೊಳ್ಳುತ್ತದೆ. ಬೀಟೆಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅಂಟು ಹಚ್ಚುವ ಮೊದಲು ಥಿನ್ನರಿನಲ್ಲಿ ಒರೆಸಬೇಕು. ಮುರಕಲ್ಲಿನ ಗೋಡೆ ಕಟ್ಟುವಾಗ ಮಾಡುವಂತೆ ಒಂದು ಬಳೆಯ ಸಂದು ಮೇಲಿನ ಬಳೆಯ ಸಂದಿಗೆ ಬಾರದ ಹಾಗೆ ಒಂದರ ಮೇಲೊಂದು ಕೂರಿಸಬೇಕು. ತಳಕ್ಕೆ ಹಲಸಿನ ಒಂದೇ ಬಿಲ್ಲೆ.

ಆಮೇಲೆ ಲೇತು. ಮೊದಲಿಗೆ ನಿಮಿಷಕ್ಕೆ 500 ಸುತ್ತಿನ ಆಸುಪಾಸು ಸಾಕು, ಉರುಟಾದ ಮೇಲೆ ವೇಗ ಏರಿಸಬಹುದು. ಉಳಿ ಸರಿಯಾಗಿ ಕೂತರೆ ಹೆರೆ ಸುರುಳಿ ಸುರುಳಿಯಾಗಿ ಹಾರುತ್ತದೆ. ಬೀಟೆಗೆ ಸಿಹಿಯಾದ ಪರಿಮಳ, ಆದರೆ ಅದರ ಹುಡಿ ಮೂಗಿಗೂ ಚರ್ಮಕ್ಕೂ ಆಗುವುದಿಲ್ಲ, ಮಾಸ್ಕ್ ಇಲ್ಲದೆ ನಿಲ್ಲಬಾರದು. ಲೇತು ಓಡುತ್ತಿರುವಷ್ಟು ಹೊತ್ತೂ ಕಪ್ಪು ಬೇರೆ, ಹಳದಿ ಬೇರೆ ಎಂದು ಕಾಣುವುದೇ ಇಲ್ಲ. ಎರಡೂ ಕಲೆತು ಒಂದೇ ಮಸುಕು ಕಂದು. ಸ್ವಿಚ್ ಆರಿಸಿ, ಮೋಟರು ನಿಧಾನವಾಗುತ್ತ ಒಂದೊಂದೇ ತುಂಡು ಬಿಡಿಬಿಡಿಯಾಗಿ ಹೊರಬರುವುದನ್ನು ನೋಡಲೆಂದೇ ನಾನು ಈ ಕೆಲಸ ಮಾಡುತ್ತೇನೆ ಎಂದರೂ ಸರಿ.

ನನಗೆ ಲೇತು ಬಿಟ್ಟುಕೊಡುವ ಆಚಾರಿಯವರು ಮೆಟ್ಟಿಲಿನ ಕೈತಾಂಗು, ಕುರ್ಚಿಯ ಕಾಲು ಕಡೆಯುವವರು. ನನ್ನ ಬಟ್ಟಲುಗಳನ್ನು ಅವರು ಮಕ್ಕಳಾಟಿಕೆಗಿಂತ ಹೆಚ್ಚಾಗಿ ಕಂಡಿಲ್ಲ. ಮರುದಿನ ಅತ್ತಿಗೆಯ ದೂರನ್ನು ಅವರ ಮುಂದಿಟ್ಟೆ.

“ಬಣ್ಣ ಹೋಗಿದೆಯಂತೆ.”

“ಹೋಗಿದ್ದೆಲ್ಲಿ? ಇಲ್ಲೇ ಉಂಟಲ್ಲ ಮಾರಾಯರೇ” ಎಂದು ಬಟ್ಟಲನ್ನು ಮಗುಚಿದರು. ಬೆಳಕು ಕಾಣದ ತಳ ಕೊಯ್ದ ದಿನದಷ್ಟೇ ಹಳದಿಯಾಗಿತ್ತು. “ಅರಗಿನ ಪಾಲಿಶ್ ಹೊಳಪಿಗಾಯಿತು. ಬಿಸಿಲಿಗೆ ಬೀಗ ಹಾಕಲು ಆಗುತ್ತದೆಯೇ? ಇನ್ನು ಸ್ವಲ್ಪ ವರ್ಷ ಕಳೆಯಲಿ, ಬೀಟೆ, ಹಲಸು ಎರಡೂ ನೋಡಲು ಅಣ್ಣತಮ್ಮಂದಿರು.”

ಬೆಳಕು ತಡೆಯುವ ವಾರ್ನಿಷುಗಳಿವೆ. ಅವು ಕಂದುವುದನ್ನು ತಡಮಾಡುತ್ತವೆ, ನಿಲ್ಲಿಸುವುದಿಲ್ಲ. ಬೇಕಿದ್ದರೆ ಮತ್ತೆ ಲೇತಿಗೆ ಕಟ್ಟಿ ಕೂದಲೆಳೆಯಷ್ಟು ಹೆರೆದರೆ ಸಾಕು, ಹಳದಿ ಮತ್ತೆ ಬರುತ್ತದೆ, ಏಕೆಂದರೆ ಕಂದಿದ್ದು ಮೇಲ್ಮೈ ಮಾತ್ರ. ಆದರೆ ಅಂಚು ಈಗಲೇ ತೆಳು. ಕಂದಿದಾಗಲೆಲ್ಲ ಹೆರೆಯುತ್ತ ಹೋದರೆ ಬಣ್ಣ ಉಳಿದೀತು, ಬಟ್ಟಲು ಉಳಿಯಲಿಕ್ಕಿಲ್ಲ.

ನಮ್ಮ ಹಳೆಯ ಮನೆಗಳ ಹಲಸಿನ ಬಾಗಿಲುಗಳೂ ಒಂದು ಕಾಲಕ್ಕೆ ಇದೇ ಹಳದಿಯೇ ಇದ್ದಿರಬೇಕು. ಅಜ್ಜಿಯ ಮನೆಯ ಬಾಗಿಲು ನನ್ನ ನೆನಪಿನಲ್ಲಿ ಕಪ್ಪುಗೆಂಪು, ಅದರ ಬಣ್ಣ ಹೋಯಿತೆಂದು ಯಾರೂ ಆಚಾರಿಯನ್ನು ಕರೆಸಿದ್ದಿಲ್ಲ. ಯಕ್ಷಗಾನದ ಮದ್ದಳೆಯ ಹಲಸಿನ ಒಡಲು ಕಂದಿತೆಂದು ಯಾವ ಭಾಗವತರೂ ಆಟ ನಿಲ್ಲಿಸಿದ್ದಿಲ್ಲ. ಈಗಿನ ಫ್ಲ್ಯಾಟುಗಳಲ್ಲಿ ಮರವೆಂದರೆ ಮರದ ಚಿತ್ರ ಅಚ್ಚಾದ ಹಾಳೆ. ಗೃಹಪ್ರವೇಶದ ದಿನ ಹೇಗಿತ್ತೋ ಮಾರುವ ದಿನವೂ ಹಾಗೇ ಇರಬೇಕು. ಅಂಥ ಕಪಾಟಿನೊಳಗೆ ನಿಜವಾದ ಮರದ ಬಟ್ಟಲೊಂದು ಕುಳಿತರೆ ಅದು ಕೆಟ್ಟುಹೋದ ಹಾಗೆ ಕಾಣುವುದು ಸಹಜವೇ. ಅತ್ತಿಗೆಯ ಮೇಲಿನ ಸಿಟ್ಟು ಆ ಹೊತ್ತಿಗೆ ಬಿಲ್ಡರುಗಳ ಮೇಲೆ ತಿರುಗಿತ್ತು.

ಅಲ್ಲಿಂದಲೇ ಫೋನ್ ಮಾಡಿದೆ. ಬಿಸಿಲು, ಪಾಲಿಶ್, ಹೆರೆದರೆ ತೆಳುವಾಗುವ ಅಂಚು ಎಲ್ಲ ವಿವರಿಸಿದೆ. ತಳ ಇನ್ನೂ ಹಳದಿಯಾಗಿಯೇ ಇದೆ ಎಂದದ್ದು ಮಾತ್ರ ಅತ್ತಿಗೆಯ ಕಿವಿಗೆ ಬಿದ್ದಂತಿತ್ತು.

“ಹಾಗಾದರೆ ಹೆರೆಯುವುದು ಬೇಡ. ಬೋರಲು ಹಾಕಿ ಮೇಲೆ ಗಣಪತಿ ಇಡುತ್ತೇನೆ.”

ಆಚಾರಿಯವರು ಆ ಕಡೆ ತಿರುಗಿ ನಕ್ಕರು. ಗಣಪತಿಯ ಪೀಠ ಎಷ್ಟು ಅಗಲವಿದೆ ಅತ್ತಿಗೆ, ತಳವನ್ನು ಪೂರ್ತಿ ಮುಚ್ಚಿದರೆ ಮಾತ್ರ ಹಳದಿ ಉಳಿಯುತ್ತದೆ ಎಂದೆ. “ಅಳೆದು ಹೇಳುತ್ತೇನೆ” ಎಂದರು. ಪೂರ್ತಿ ಮುಚ್ಚಿದರೆ ಹಳದಿ ಯಾರಿಗೂ ಕಾಣುವುದಿಲ್ಲವಲ್ಲ ಎನ್ನುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.