ಕಪಾಟಿನೊಳಗೆ ಕೂತ ಹುಡುಗಿ

ಜೂನ್ 1, 2025, ಭಾನುವಾರ

ಅಕ್ಕನ ಮಗ ಮೂರು ದಪ್ಪ ಪುಸ್ತಕ ತಂದು ನನ್ನ ಮುಂದೆ ಇಟ್ಟಿದ್ದಾನೆ. ಅವನಿಗೆ ಈಗ ಹದಿಮೂರು. ರಜೆಯಲ್ಲಿ ಮೂರನ್ನೂ ಮುಗಿಸಿದ್ದಾನಂತೆ. "ಓದಿ ಚಿಕ್ಕಮ್ಮ, ಆಮೇಲೆ ಜಗಳ ಆಡೋಣ" ಅಂದ. ಜಗಳಕ್ಕೆ ಕರೆದರೆ ನಾನು ಬಿಡುವವಳೇ?

ಫಿಲಿಪ್ ಪುಲ್‌ಮನ್ ಬರೆದ 'ಹಿಸ್ ಡಾರ್ಕ್ ಮೆಟೀರಿಯಲ್ಸ್'. ಮೊದಲ ಭಾಗ 'ನಾರ್ದರ್ನ್ ಲೈಟ್ಸ್' ಬಂದದ್ದು 1995ರಲ್ಲಿ. ಆಮೇಲೆ 1997ರಲ್ಲಿ 'ದಿ ಸಟಲ್ ನೈಫ್', 2000ದಲ್ಲಿ 'ದಿ ಆಂಬರ್ ಸ್ಪೈಗ್ಲಾಸ್'. ಇಷ್ಟು ವರ್ಷ ಇದನ್ನು ಮಕ್ಕಳ ಪುಸ್ತಕ ಅಂತ ದೂರ ಇಟ್ಟಿದ್ದೆ. ಕವಚ ತೊಟ್ಟು ಮಾತಾಡುವ ಕರಡಿ ಇದೆ ಅಂದರೆ ಇನ್ನೇನು ಅಂದುಕೊಳ್ಳಲಿ?

ಇವತ್ತು ಓದಿದ್ದು ಎರಡೇ ಅಧ್ಯಾಯ. ಆದರೂ ತಲೆಯಿಂದ ಹೋಗುತ್ತಿಲ್ಲ.

ಲೈರಾ ಅನ್ನುವ ತುಂಟ ಹುಡುಗಿ ಆಕ್ಸ್‌ಫರ್ಡ್‌ನ ಜೋರ್ಡನ್ ಕಾಲೇಜಿನಲ್ಲಿ ಬೆಳೆಯುತ್ತಿದ್ದಾಳೆ. ನಮ್ಮ ಜಗತ್ತಿನ ಆಕ್ಸ್‌ಫರ್ಡ್ ಅಲ್ಲ, ಇನ್ನೊಂದು ಜಗತ್ತಿನದು. ಹೋಗಬಾರದ ಕೋಣೆಗೆ ನುಗ್ಗಿ ಕಪಾಟಿನೊಳಗೆ ಅಡಗಿ ಕೂತಿದ್ದಾಳೆ. ಕಾಲೇಜಿನ ಮಾಸ್ಟರ್, ಅಂದರೆ ಅಲ್ಲಿನ ಮುಖ್ಯಸ್ಥರು, ವೈನ್‌ಗೆ ವಿಷದ ಪುಡಿ ಬೆರೆಸುವುದು ಅವಳ ಕಣ್ಣಿಗೆ ಬೀಳುತ್ತದೆ. ಅದು ಲಾರ್ಡ್ ಏಸ್ರಿಯಲ್‌ಗೆ ಇಟ್ಟ ವಿಷ. ಅವನು ತನ್ನ ಚಿಕ್ಕಪ್ಪ ಅಂತ ಅವಳ ನಂಬಿಕೆ. ಹೊರಗೆ ಬಂದು ಎಚ್ಚರಿಸುತ್ತಾಳೆ. ಅವನ ಜೀವ ಉಳಿಯುತ್ತದೆ. ಉಳಿಸಿದವಳಿಗೆ ಸಿಕ್ಕಿದ್ದು ಗದರಿಕೆ.

ಇಲ್ಲಿವರೆಗೆ ಸರಿ. ಒಳ್ಳೆಯ ಹುಡುಗಿ, ಕೆಟ್ಟ ಮುದುಕ ಅಂದುಕೊಂಡೆ. ಮುಂದಿನ ಅಧ್ಯಾಯದಲ್ಲಿ ನೋಡಿದರೆ ಮಾಸ್ಟರ್ ಕೆಟ್ಟವರೇ ಅಲ್ಲ. ಲೈರಾಳನ್ನು ಆದಷ್ಟು ದಿನ ಕಾಪಾಡಬೇಕು ಅಂತ ಒದ್ದಾಡುತ್ತಿರುವವರು. ಲೈಬ್ರರಿಯನ್ ಹತ್ತಿರ ಇನ್ನೊಂದು ಮಾತೂ ಹೇಳುತ್ತಾರೆ: ಮುಂದೆ ಒಂದು ದೊಡ್ಡ ದ್ರೋಹ ನಡೆಯುತ್ತದೆ, ಅದನ್ನು ಮಾಡುವವಳು ಲೈರಾ, ಆ ನೋವು ಅವಳಿಗೆ ಭಯಂಕರವಾಗಿರುತ್ತದೆ. ಯಾರಿಗೆ ದ್ರೋಹ? ಹುಡುಗನನ್ನು ಕೇಳಿದರೆ ಬಾಯಿ ಬಿಡಲಿಲ್ಲ.

ಈ ಜಗತ್ತಿನಲ್ಲಿ ಮನುಷ್ಯರ ಆತ್ಮ ಮೈಯಿಂದ ಹೊರಗೆ, ಒಂದು ಪ್ರಾಣಿಯ ರೂಪದಲ್ಲಿ ಜೊತೆಗೇ ಇರುತ್ತದೆ. ಅದಕ್ಕೆ ಡೀಮನ್ ಅನ್ನುತ್ತಾರೆ. ದೆವ್ವ ಅಲ್ಲ, ಹಳೆಯ ಗ್ರೀಕ್ ಮಾತಿನಿಂದ ಬಂದ ಹೆಸರು. ಮಕ್ಕಳ ಡೀಮನ್ ಗಳಿಗೆಗೊಂದು ರೂಪ ತಾಳುತ್ತದೆ. ದೊಡ್ಡವರಾದ ಮೇಲೆ ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ಲೈರಾಳ ಪ್ಯಾನ್ ಈಗ ಪತಂಗ, ಈಗ ಮುಂಗುಸಿಯಂಥದ್ದು, ಈಗ ಬೆಕ್ಕು. ಎಷ್ಟು ಚೆಂದದ ಕಲ್ಪನೆ! ಆದರೆ ಆಳುಗಳ ಡೀಮನ್ ಹೆಚ್ಚಾಗಿ ನಾಯಿಯಂತೆ. ಇದು ನನಗೆ ಸರಿ ಬರಲಿಲ್ಲ. ಆಳಿನ ಆತ್ಮವೂ ಬಾಲ ಆಡಿಸಲೇಬೇಕಾ?

ಜೂನ್ 7, ಶನಿವಾರ

ರಾತ್ರಿ ಒಂದೂವರೆಗೆ ಮೊದಲ ಭಾಗ ಮುಗಿಯಿತು. ಆಮೇಲೆ ನಿದ್ದೆ ಬರಲಿಲ್ಲ.

ಲೈರಾಳ ಗೆಳೆಯ ರೋಜರ್. ಕಾಲೇಜಿನ ಅಡುಗೆಮನೆಯ ಹುಡುಗ. ಅವನನ್ನು ಕದ್ದೊಯ್ಯುತ್ತಾರೆ. ಉತ್ತರದ ಹಿಮದಲ್ಲಿ, ಬೊಲ್ವಾಂಗರ್ ಅನ್ನುವ ಕಡೆ, ಮಕ್ಕಳನ್ನು ಅವರ ಡೀಮನ್‌ಗಳಿಂದ ಕತ್ತರಿಸಿ ಬೇರೆ ಮಾಡುತ್ತಿದ್ದಾರೆ. ಎಲ್ಲಾ ಮಕ್ಕಳ ಒಳ್ಳೆಯದಕ್ಕಂತೆ. ಲೈರಾ ಸುಳ್ಳಿನ ಮೇಲೆ ಸುಳ್ಳು ಪೋಣಿಸಿಕೊಂಡು ಅಲ್ಲಿಗೆ ಹೋಗಿ ರೋಜರ್‌ನನ್ನು ಬಿಡಿಸುತ್ತಾಳೆ. ಅವಳ ಕೈಯಲ್ಲೊಂದು ಅಲೆಥಿಯೋಮೀಟರ್ ಇದೆ. ಸುತ್ತ 36 ಚಿತ್ರ. ಮೂರು ಮುಳ್ಳು ನಾವು ತಿರುಗಿಸಿ ಪ್ರಶ್ನೆ ಕೇಳಬೇಕು, ನಾಲ್ಕನೆಯದು ತಾನೇ ತಿರುಗಿ ಉತ್ತರ ಹೇಳುತ್ತದೆ. ನಿಜ ಬಿಟ್ಟು ಬೇರೇನೂ ಹೇಳದ ಯಂತ್ರ ಊರಿಗೆಲ್ಲ ಸುಳ್ಳು ಹೇಳುವ ಹುಡುಗಿಯ ಕೈಯಲ್ಲಿ! ಇದನ್ನು ಯೋಚಿಸಿದಾಗ ಪುಲ್‌ಮನ್ ಒಬ್ಬನೇ ಕೂತು ನಕ್ಕಿರಬೇಕು.

ಏಸ್ರಿಯಲ್ ತನ್ನ ಅಪ್ಪ ಅಂತ ಅಷ್ಟರಲ್ಲಿ ಅವಳಿಗೆ ಗೊತ್ತಾಗಿದೆ. ಅವನಿಗೆ ಈ ಯಂತ್ರ ತಲುಪಿಸಬೇಕು ಅಂತ ಹೊರಡುತ್ತಾಳೆ. ರೋಜರ್ ಜೊತೆಗೆ. ಬಾಗಿಲಲ್ಲಿ ಮಗಳನ್ನು ಕಂಡು ಏಸ್ರಿಯಲ್ ನಡುಗಿಹೋಗುತ್ತಾನೆ. ಹಿಂದೆ ನಿಂತ ರೋಜರ್ ಕಂಡ ಕೂಡಲೇ ಸಮಾಧಾನ ಆಗುತ್ತಾನೆ. ಅವನು ಯಾಕೆ ನಡುಗಿದ, ಆಮೇಲೆ ಯಾಕೆ ಸಮಾಧಾನ ಆದ ಅಂತ ಓದುವಾಗ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಇನ್ನೊಂದು ಜಗತ್ತಿಗೆ ದಾರಿ ತೆರೆಯಲು ಅವನಿಗೆ ಒಂದು ಮಗು ಬೇಕಿತ್ತು. ಮಗು ಮತ್ತು ಡೀಮನ್ ಕತ್ತರಿಸಿದಾಗ ಹೊಮ್ಮುವ ಶಕ್ತಿ ಬೇಕಿತ್ತು.

ರೋಜರ್ ಸಾಯುತ್ತಾನೆ. ಆಕಾಶ ತೆರೆದುಕೊಳ್ಳುತ್ತದೆ.

ಎದ್ದು ನೀರು ಕುಡಿದು ಬಂದು ಕೂತಾಗ ಕಪಾಟು ನೆನಪಾಯಿತು. ಅವತ್ತು ಲೈರಾ ಸುಮ್ನೆ ಕೂತಿದ್ದರೆ? ಏಸ್ರಿಯಲ್ ಆ ವೈನ್ ಕುಡಿದು ಸಾಯುತ್ತಿದ್ದ. ರೋಜರ್ ಬದುಕಿರುತ್ತಿದ್ದ. ವಿಷ ಹಾಕಿದ ಮುದುಕ ಸರಿ ಇದ್ದನಾ? ಜೀವ ಉಳಿಸಿದ ಹುಡುಗಿ ತಪ್ಪು ಮಾಡಿದಳಾ? ಇದನ್ನು ಹತ್ತು-ಹನ್ನೆರಡು ವರ್ಷದ ಮಕ್ಕಳ ಕೈಗೆ ಕೊಟ್ಟಿದ್ದಾನಲ್ಲ ಈ ಮನುಷ್ಯ!

2007ರಲ್ಲಿ ಇದರ ಸಿನಿಮಾ ಬಂದಾಗ ಈ ಕೊನೆಯ ಭಾಗವನ್ನೇ ಬಿಟ್ಟಿದ್ದರು. ಮಕ್ಕಳು ಖುಷಿಯಾಗಿ ಹಾರಿಹೋಗುವಲ್ಲಿಗೆ ಸಿನಿಮಾ ಮುಗಿಯುತ್ತದೆ. ದುಡ್ಡು ಹಾಕಿದವರಿಗೆ ಹುಡುಗನ ಸಾವು ಜೀರ್ಣ ಆಗಲಿಲ್ಲವೇನೋ. ಪುಸ್ತಕ ಓದಿದ ಮಕ್ಕಳಿಗೆ ಆಗಿದೆ.

ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿದೆ. "ಮಾಸ್ಟರ್ ಹೇಳಿದ ದ್ರೋಹ ಇದೇ ಅಲ್ವೇನೋ?" ಅಂದೆ. "ಮೂರನೆಯದು ಓದಿ ಚಿಕ್ಕಮ್ಮ" ಅಂದ. ನಗುತ್ತಿದ್ದ, ಕಳ್ಳ.

ಜೂನ್ 12, ಗುರುವಾರ

ಎರಡನೇ ಭಾಗ. ಇಲ್ಲಿ ವಿಲ್ ಬರುತ್ತಾನೆ, ನಮ್ಮ ಜಗತ್ತಿನ ಹುಡುಗ, ಹನ್ನೆರಡು ವರ್ಷ. ಅಮ್ಮನ ಮನಸ್ಸು ಸ್ವಸ್ಥವಿಲ್ಲ. ಅದು ಹೊರಗೆ ಯಾರಿಗೂ ಗೊತ್ತಾಗದ ಹಾಗೆ ಅವನೇ ಮನೆ ನಡೆಸುತ್ತಿದ್ದಾನೆ. ಮನೆಗೆ ನುಗ್ಗಿದ ಒಬ್ಬನನ್ನು ತಳ್ಳಿದಾಗ ಅವನು ಮೆಟ್ಟಿಲಿಂದ ಉರುಳಿ ಸತ್ತಿದ್ದಾನೆ. ಲೈರಾ ತನ್ನ ಯಂತ್ರವನ್ನು ಕೇಳುತ್ತಾಳೆ: ಇವನು ಯಾರು, ಗೆಳೆಯನೋ ಶತ್ರುವೋ? ಯಂತ್ರ ಹೇಳುತ್ತದೆ: ಕೊಲೆಗಾರ. ಅವಳಿಗೆ ನಿರಾಳ! ಕೊಲೆಗಾರನಾದರೆ ನಂಬಬಹುದು, ಐಯೊರೆಕ್ ಕರಡಿಯ ಹಾಗೆ ಧೈರ್ಯವಂತ ಅಂತ. ಜೋರಾಗಿ ನಕ್ಕೆ. ನಕ್ಕ ಮೇಲೆ ನನ್ನ ಬಗ್ಗೆಯೇ ಸ್ವಲ್ಪ ಅನುಮಾನ ಬಂತು.

ಬಲೂನು ಹಾರಿಸುವ ಲೀ ಸ್ಕೋರ್ಸ್‌ಬಿ ಮತ್ತು ಅವನ ಮೊಲ ಹೆಸ್ಟರ್ ಬಗ್ಗೆ ಇವತ್ತು ಬರೆಯುವುದಿಲ್ಲ. ಅತ್ತಿದ್ದು ಸಾಕು.

ಜೂನ್ 15, ಭಾನುವಾರ

ಮೂರನೆಯದು ಶುರುವಾಗಿದೆ, ನಿಧಾನ. ಮುಲೆಫಾ ಅನ್ನುವ ಪ್ರಾಣಿಗಳು ದೊಡ್ಡ ಬೀಜಗಳನ್ನು ಚಕ್ರ ಮಾಡಿಕೊಂಡು ಓಡಾಡುವ ಅಧ್ಯಾಯಗಳು ಚೆನ್ನಾಗಿವೆ, ಆದರೆ ಜಾಸ್ತಿ ಆಯಿತು. ಅಲ್ಲಿ ಲೈರಾ ಗುಹೆಯಲ್ಲಿ ಬಿದ್ದಿದ್ದಾಳೆ, ಇಲ್ಲಿ ನಾನು ಚಕ್ರದ ಎಣ್ಣೆಯ ಬಗ್ಗೆ ಓದುತ್ತಿದ್ದೇನೆ.

ಒಂದು ತಕರಾರು ಬರೆದಿಡಬೇಕು. ಈ ಪುಸ್ತಕದಲ್ಲಿ ಎಲ್ಲರೂ ಬೂದು ಬಣ್ಣದವರು. ಮ್ಯಾಜಿಸ್ಟೀರಿಯಂ, ಅಂದರೆ ಅಲ್ಲಿನ ಚರ್ಚಿನ ಆಡಳಿತ, ಅದೊಂದು ಮಾತ್ರ ಪೂರ್ತಿ ಕಪ್ಪು. ಅದರೊಳಗೆ ಒಬ್ಬನಾದರೂ ಒಳ್ಳೆಯ ಪಾದ್ರಿ ಬೇಡವಾ? ಅಮೆರಿಕದಲ್ಲಿ ಕ್ಯಾಥೊಲಿಕ್ ಲೀಗ್ ಸಿನಿಮಾ ನೋಡಬೇಡಿ ಅಂತ ಕರೆ ಕೊಟ್ಟಿತ್ತು. ಆದರೆ ಆಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ರೋವನ್ ವಿಲಿಯಮ್ಸ್ ಈ ಕಥೆಯನ್ನು ಮೆಚ್ಚಿದ್ದರು, 2004ರಲ್ಲಿ ಪುಲ್‌ಮನ್ ಜೊತೆ ಒಂದೇ ವೇದಿಕೆಯಲ್ಲಿ ಕೂತು ಚರ್ಚೆ ಮಾಡಿದ್ದರು. ಅಂಥ ಪಾದ್ರಿ ಕಥೆಯ ಹೊರಗೆ ಸಿಕ್ಕಿದರು, ಒಳಗೆ ಸಿಗಲಿಲ್ಲ.

ಆದರೆ ಫಾದರ್ ಗೋಮೆಜ್ ಅನ್ನುವ ಪಾತ್ರ ಒಂದಿದೆ. ಅವನು ಮಾಡಬೇಕಾದ ಪ್ರಾಯಶ್ಚಿತ್ತವನ್ನೆಲ್ಲ ಪಾಪಕ್ಕೆ ಮೊದಲೇ ಮಾಡಿ ಮುಗಿಸಿಟ್ಟಿದ್ದಾನೆ. ಕ್ಷಮೆ ಮುಂಗಡವಾಗಿ ಜಮಾ ಆಗಿದೆ. ಈಗ ಹೋಗಿ ಲೈರಾಳನ್ನು ಕೊಂದರೂ ಪಾಪ ಅಂಟುವುದಿಲ್ಲ. ಇದನ್ನು ಓದಿ ಮೈ ಜುಮ್ಮೆಂದಿತು. ಮನುಷ್ಯ ತಾನು ಒಳ್ಳೆಯವನೇ ಅಂತ ಮೊದಲೇ ತೀರ್ಮಾನಿಸಿಕೊಂಡರೆ ಕೈ ಎಷ್ಟು ಹಗುರ ಆಗುತ್ತದೆ ಅಲ್ವಾ?

ಜೂನ್ 21, ಶನಿವಾರ

ಅದು ರೋಜರ್ ಆಗಿರಲಿಲ್ಲ.

ಲೈರಾ ಸತ್ತವರ ಲೋಕಕ್ಕೆ ಹೊರಟಿದ್ದಾಳೆ, ರೋಜರ್‌ನನ್ನು ಕಂಡು ಕ್ಷಮೆ ಕೇಳಲು. ದಡದಲ್ಲಿ ದೋಣಿ ಇದೆ. ಅಂಬಿಗ ಹೇಳುತ್ತಾನೆ, ಡೀಮನ್‌ಗೆ ದೋಣಿಯಲ್ಲಿ ಜಾಗ ಇಲ್ಲ. ಹೋಗಬೇಕಾದರೆ ಪ್ಯಾನ್‌ನನ್ನು ದಡದಲ್ಲೇ ಬಿಡಬೇಕು. ಬೊಲ್ವಾಂಗರ್‌ನಲ್ಲಿ ಯಾವ ಕತ್ತರಿಯಿಂದ ಅವಳು ತಪ್ಪಿಸಿಕೊಂಡು ಓಡಿದ್ದಳೋ, ಇಲ್ಲಿ ಅದನ್ನೇ ತನ್ನ ಕೈಯಾರೆ ಮಾಡಿಕೊಳ್ಳುತ್ತಾಳೆ. ದಡದ ಕೊನೆಯಲ್ಲಿ ಪ್ಯಾನ್ ನಾಯಿಮರಿಯಾಗಿ ನಿಂತಿದ್ದಾನೆ. ದೋಣಿ ದೂರ ಹೋಗುತ್ತದೆ. ಮಾಸ್ಟರ್ ಹೇಳಿದ ಭವಿಷ್ಯ ನಿಜವಾಯಿತು ಅಂತ ಅಲ್ಲೇ, ಸ್ಪಷ್ಟವಾಗಿ ಬರೆದಿದೆ.

ಎರಡು ವಾರ ನಾನು ಬೇರೆ ದ್ರೋಹವನ್ನು ಹಿಡಿದುಕೊಂಡು ಕೂತಿದ್ದೆ. ಗೊತ್ತಿಲ್ಲದೆ ಆದ ತಪ್ಪನ್ನು. ಪುಸ್ತಕ ಹೇಳುತ್ತಿರುವುದು ಗೊತ್ತಿದ್ದೇ ಮಾಡಿದ್ದನ್ನು. ಅದೂ ಗೆಳೆಯನಿಗೆ ಕೊಟ್ಟ ಮಾತಿಗಾಗಿ. ಒಂದು ತಪ್ಪನ್ನು ಸರಿ ಮಾಡಲು ಹೋಗಿ ಇನ್ನೊಂದು. ಪ್ಯಾನ್ ಏನು ತಪ್ಪು ಮಾಡಿದ್ದ? ಅವಳು ಬಿಟ್ಟು ಹೋದದ್ದು ಸರಿಯಾ? ರೋಜರ್‌ನ ಮುಖ ನೋಡಿದರೆ ಸರಿ. ಪ್ಯಾನ್ ಮುಖ ನೋಡಿದರೆ ಅಲ್ಲ. ನನಗೆ ಇವತ್ತಿಗೂ ಗೊತ್ತಾಗುತ್ತಿಲ್ಲ.

ಕೆಳಗಿನ ಲೋಕದಲ್ಲಿ ಹಾರ್ಪಿಗಳಿವೆ, ಹೆಂಗಸಿನ ಮುಖದ ಹಕ್ಕಿಗಳು. ಲೈರಾ ಎಂದಿನಂತೆ ರಂಗುರಂಗಾದ ಒಂದು ಸುಳ್ಳು ಕಥೆ ಕಟ್ಟಿ ಹೇಳುತ್ತಾಳೆ. ಹಾರ್ಪಿ ಮೈಮೇಲೆ ಎರಗಿ "ಲೈಯರ್, ಲೈಯರ್" ಅಂತ ಕಿರುಚುತ್ತದೆ. ಸುಳ್ಳುಗಾತಿ ಅನ್ನುವ ಇಂಗ್ಲಿಷ್ ಮಾತು ಅವಳ ಹೆಸರಿನ ಹಾಗೇ ಕೇಳುತ್ತದೆ. ಕರಡಿಗಳ ರಾಜನನ್ನೇ ಮೋಸ ಮಾಡಿದ ನಾಲಿಗೆ ಇಲ್ಲಿ ಬಿದ್ದುಹೋಗುತ್ತದೆ. ಆಮೇಲೆ ಸತ್ತ ಮಕ್ಕಳು ಕೇಳಿದಾಗ ನಿಜ ಹೇಳುತ್ತಾಳೆ. ಊರ ಹುಡುಗರು, ಇಟ್ಟಿಗೆ ಸುಡುವವರ ಮಕ್ಕಳು, ಜೇಡಿಮಣ್ಣಿನ ಹೊಂಡ, ಅಲ್ಲಿ ಆಡಿದ ಜಗಳ. ಇಷ್ಟೇ. ಹಾರ್ಪಿಗಳು ಸುಮ್ಮನೆ ಕೂತು ಕೇಳುತ್ತವೆ.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದವಳು ನಾನು. ಅಲ್ಲಿ ಹಸು ಮೊದಲಿನಿಂದಲೂ ಸತ್ಯವಂತೆ, ಕೊಟ್ಟ ಮಾತು ಉಳಿಸಲು ಕರುವನ್ನೇ ಬಿಟ್ಟು ಹೊರಡುತ್ತದೆ. ಚಿಕ್ಕವಳಿದ್ದಾಗ ಎಲ್ಲರೂ ಹಸುವನ್ನು ಹೊಗಳುತ್ತಿದ್ದರು. ನಾನು ಮಾತ್ರ ಕರುವನ್ನು ನೋಡುತ್ತಿದ್ದೆ. ಇವತ್ತು ದಡದಲ್ಲಿ ನಿಂತ ಪ್ಯಾನ್ ನೋಡಿದಾಗ ಆ ಕರು ನೆನಪಾಯಿತು. ಅಲ್ಲಿ ಹುಲಿ ಸತ್ತು ಹಸು ಮನೆಗೆ ಬಂತು. ಇಲ್ಲಿ ಲೈರಾ ವಾಪಸ್ ಬಂದರೂ ಪ್ಯಾನ್ ಮೊದಲಿನ ಹಾಗೆ ಆಗುತ್ತಾನಾ?

ರೋಜರ್ ಅವಳನ್ನು ಬೈಯುವುದೇ ಇಲ್ಲ. ವಿಲ್ ಹತ್ತಿರ ಜಗತ್ತು ಜಗತ್ತುಗಳ ನಡುವೆ ಕಿಂಡಿ ಕೊಯ್ಯುವ ಚಾಕು ಇದೆ. ಅದರಿಂದ ಅವನು ಒಂದು ಕಿಂಡಿ ಕೊಯ್ದಾಗ ಸತ್ತವರಲ್ಲಿ ಮೊದಲು ಹೊರಗೆ ಕಾಲಿಟ್ಟವನು ರೋಜರ್. ನಗುತ್ತಾ ಗಾಳಿಯಲ್ಲಿ ಕರಗಿಹೋಗುತ್ತಾನೆ.

ಜೂನ್ 22, ಭಾನುವಾರ

ಮುಗಿಯಿತು.

ಮಿಸೆಸ್ ಕೋಲ್ಟರ್ ಬಗ್ಗೆ ಹುಡುಗನ ಜೊತೆ ಒಂದು ಗಂಟೆ ಜಗಳ. ಲೈರಾಳ ಅಮ್ಮ. ಮಕ್ಕಳನ್ನು ಕತ್ತರಿಸುವ ಕೆಲಸ ನಡೆಸಿದವಳು. ಮಗಳನ್ನು ಉಳಿಸಲು ಕೊನೆಗೆ ತನ್ನ ಜೀವ ಕೊಡುತ್ತಾಳೆ. ಅದೂ ಹೇಗೆ? ಮೆಟಾಟ್ರಾನ್ ಅನ್ನುವ ದೇವದೂತನಿಗೆ ಸುಳ್ಳು ಹೇಳಿ. ಅವನು ಅವಳ ಒಳಗನ್ನೆಲ್ಲ ಜಾಲಾಡಿ ನೋಡುತ್ತಾನೆ, ಬರೀ ಕೊಳಕೇ ಕಾಣುತ್ತದೆ. ಅವಳ ಕೆಟ್ಟತನವೇ ಅವಳ ಪ್ರೀತಿಯನ್ನು ಮರೆಮಾಡುತ್ತದೆ. ಒಳ್ಳೆಯವಳಾಗಿದ್ದರೆ ಈ ಕೆಲಸ ಅವಳ ಕೈಲಿ ಆಗುತ್ತಲೇ ಇರಲಿಲ್ಲ.

"ಹಾಗಾದ್ರೆ ಅವಳು ಒಳ್ಳೆಯವಳಾದ್ಲಲ್ಲ ಚಿಕ್ಕಮ್ಮ?"

"ಬೊಲ್ವಾಂಗರ್ ಮಕ್ಕಳನ್ನು ಕೇಳು, ಹೇಳ್ತಾರೆ."

"ಮತ್ತೆ ಕೆಟ್ಟವಳಾ?"

"ಲೈರಾನ ಕೇಳು."

"ಎರಡೂ ಹೇಳಿದ್ರೆ ಅದು ಉತ್ತರ ಅಲ್ಲ" ಅಂತ ಸಿಟ್ಟಾದ. ಅವನ ಸಿಟ್ಟು ನನಗೆ ಇಷ್ಟ ಆಯಿತು. ಹಿಂದೆ ಸನ್ಯಾಸಿನಿ ಆಗಿದ್ದ ಮೇರಿ ಮ್ಯಾಲೋನ್ ಒಂದು ಕಡೆ ಇದಕ್ಕೆ ಹತ್ತಿರದ ಮಾತು ಆಡುತ್ತಾಳೆ: ಒಳ್ಳೆಯದು ಕೆಟ್ಟದ್ದು ಅನ್ನುವುದು ಜನ ಮಾಡುವುದಕ್ಕೆ ಇಟ್ಟ ಹೆಸರು, ಜನರಿಗೇ ಇಟ್ಟದ್ದಲ್ಲ. ಆ ಪುಟದ ನಂಬರ್ ಹೇಳಿದೆ. ಫೋನ್ ಇಟ್ಟುಬಿಟ್ಟ.

ಏಸ್ರಿಯಲ್ ದೇವರ ಮೇಲೆಯೇ ಸಾರಿದ ದೊಡ್ಡ ಯುದ್ಧದಲ್ಲಿ ದೇವರನ್ನು ಕೊಲ್ಲುತ್ತಾರೆ ಅಂತ ಕೇಳಿದ್ದೆ. ಅಂಥದ್ದೇನೂ ಇಲ್ಲ. ಗಾಜಿನ ಪಲ್ಲಕ್ಕಿಯಲ್ಲಿ ಹೆದರಿ ಅಳುತ್ತಿರುವ ಹಣ್ಣು ಹಣ್ಣು ಮುದುಕ. ಇಬ್ಬರು ಮಕ್ಕಳು ಪಾಪ ಅನ್ನಿಸಿ ಕೈ ಹಿಡಿದು ಇಳಿಸುತ್ತಾರೆ. ಗಾಳಿ ತಾಗಿದ ಕೂಡಲೇ ಅವನು ನೆಮ್ಮದಿಯಿಂದ ಕರಗಿಹೋಗುತ್ತಾನೆ. ಅವನು ಯಾರು ಅಂತ ಅವರಿಗೆ ಗೊತ್ತೇ ಇಲ್ಲ.

ಕೊನೆಗೆ ಲೈರಾ ಮತ್ತು ವಿಲ್ ಅಗಲಲೇಬೇಕು. ಬೇರೆ ಜಗತ್ತಿನಲ್ಲಿ ಮನುಷ್ಯ ಹೆಚ್ಚು ವರ್ಷ ಬಾಳುವುದಿಲ್ಲ. ಜಗತ್ತುಗಳ ನಡುವೆ ಒಂದೇ ಕಿಂಡಿ ಉಳಿಸಬಹುದು. ಅದನ್ನು ತಮಗೆ ಇಟ್ಟುಕೊಳ್ಳಬಹುದಿತ್ತು. ಸತ್ತವರಿಗೆ ಬಿಟ್ಟುಕೊಟ್ಟರು. ಇದು ಸರಿಯಾದದ್ದೇ, ಅನುಮಾನ ಇಲ್ಲ. ಆದರೂ ಪುಸ್ತಕವನ್ನು ಗೋಡೆಗೆ ಎಸೆಯೋಣ ಅನ್ನಿಸಿತು. ಅವನ ಪುಸ್ತಕ ಅಂತ ಎಸೆಯಲಿಲ್ಲ.

ಜೂನ್ 24, ಮಂಗಳವಾರ

ಇವತ್ತು ಇಂಗ್ಲೆಂಡಿನಲ್ಲಿ ಮಿಡ್‌ಸಮ್ಮರ್ ಡೇ. ಪ್ರತಿ ವರ್ಷ ಈ ದಿನ ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರೂ ಆಕ್ಸ್‌ಫರ್ಡ್‌ನ ಬೊಟಾನಿಕ್ ಗಾರ್ಡನ್‌ನ ಒಂದೇ ಬೆಂಚಿನ ಮೇಲೆ, ತಮ್ಮ ತಮ್ಮ ಜಗತ್ತಿನಲ್ಲಿ ಕೂರಬೇಕು ಅಂತ ಮಾತಾಗಿದೆ. ನಮ್ಮ ಜಗತ್ತಿನ ಆ ತೋಟದಲ್ಲಿ ನಿಜವಾಗಿ ಒಂದು ಬೆಂಚಿದೆ. ಓದಿದವರು ಅದರ ಮೇಲೆ ಇಬ್ಬರ ಹೆಸರು ಕೆತ್ತಿ ಹೋಗಿದ್ದಾರೆ.

ಹನ್ನೆರಡಕ್ಕೆ ಒಂದು ನಿಮಿಷ ಸುಮ್ಮನೆ ಕೂರಬೇಕು ಅಂದುಕೊಂಡಿದ್ದೆ. ಕೆಲಸದಲ್ಲಿ ಮರೆತೇಹೋಯಿತು. ಸಂಜೆ ನೆನಪಾಗಿ ನಾಚಿಕೆ ಆಯಿತು.

ಹುಡುಗ ಪುಸ್ತಕ ವಾಪಸ್ ಕೇಳುತ್ತಿದ್ದಾನೆ. ಎರಡು ಮತ್ತು ಮೂರು ಕೊಟ್ಟು ಕಳಿಸಿದೆ. "ಮೊದಲನೆಯದು?" ಅಂದ. ನಾಳೆ ಅಂದೆ. ರಾತ್ರಿ ಮತ್ತೆ ತೆರೆದು ಕೂತೆ. ಮಾಸ್ಟರ್ ಬರುತ್ತಾರೆ, ಪುಡಿ ಬೆರೆಸುತ್ತಾರೆ, ಹೋಗುತ್ತಾರೆ. ಏಸ್ರಿಯಲ್ ಲೋಟಕ್ಕೆ ವೈನ್ ಸುರಿದುಕೊಳ್ಳುತ್ತಾನೆ. ಪ್ಯಾನ್ ಬೇಡ ಬೇಡ ಅನ್ನುತ್ತಿದ್ದಾನೆ. ರೋಜರ್ ಆ ಹೊತ್ತಿಗೆ ಕೆಳಗೆ ಅಡುಗೆಮನೆಯಲ್ಲಿ ಇರಬೇಕು. ಲೈರಾ ಕಪಾಟಿನ ಬಾಗಿಲು ತಳ್ಳಿದಳು. ನಾನೂ ತಳ್ಳುತ್ತಿದ್ದೆ.