ದೇಬಾದ ಬಾಯಿ ಮುರಿದ ಶನಿವಾರ

ಮೊನ್ನೆ ಹೊಸದಾಗಿ ಸೇರಿದ ಹುಡುಗ ತಾಯ್ ಮೀನಿನ ತಲೆಗೆ ಹೊಡೆಯಲು ದೇಬಾವನ್ನು, ಅಂದರೆ ಮೀನು ಕೊಯ್ಯುವ ದಪ್ಪ ಜಪಾನಿ ಕತ್ತಿಯನ್ನು, ಭುಜದವರೆಗೆ ಎತ್ತಿದ್ದ. ನಾನು ಕೂಗಿಕೊಂಡ ರೀತಿಗೆ ಪಾಪ ಹೆದರಿಬಿಟ್ಟ. ಯಾಕೆ ಕೂಗಿದೆ ಅಂತ ಅವನಿಗೆ ಕೂರಿಸಿ ಹೇಳಿದೆ. ಅದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ನಾನು ಮಲ್ಪೆ ಕಡೆಯವನು. ಒಸಾಕಾದ ಒಂದು ಮೀನಿನ ಹೋಟೆಲಿನಲ್ಲಿ ಅಡುಗೆ ಕೆಲಸ. ಬರುವಾಗ ಮೀನು ಕೊಯ್ಯುವುದು ಗೊತ್ತು ಅನ್ನುವ ಧೈರ್ಯ ಇತ್ತು. ಅಮ್ಮ ಮೆಟ್ಟುಕತ್ತಿಯ ಮುಂದೆ ಕೂತು ಅಂಜಲ್ ತುಂಡು ಮಾಡುವುದನ್ನು ನೋಡಿಯೇ ಬೆಳೆದವನು. ಮೆಟ್ಟುಕತ್ತಿ ಕದಲುವುದಿಲ್ಲ. ಮೀನನ್ನೇ ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತಬೇಕು. ಮೂಳೆ ಅಡ್ಡ ಬಂದರೆ ಸ್ವಲ್ಪ ತಿರುಚಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ಆ ತಿರುಚುವ ಅಭ್ಯಾಸ ನನ್ನ ಕೈಯಲ್ಲೇ ಉಳಿದಿತ್ತು.

ನಮ್ಮ ದೇಬಾ ಕತ್ತಿಗಳಿಗೆ ಹೆಸರಾದ ಸಕಾಯ್ ಊರಿನದು. 180 ಮಿ.ಮೀ. ಉದ್ದ, ಹಿಡಿಯ ಹತ್ತಿರ ಬೆನ್ನು 7 ಮಿ.ಮೀ. ದಪ್ಪ. ಕೈಗೆತ್ತಿಕೊಂಡರೆ ಚಿಕ್ಕ ಕೊಡಲಿ ಹಿಡಿದ ಹಾಗಿರುತ್ತದೆ. ಇಷ್ಟು ಭಾರ ಇರುವುದು ಬಡಿಯಲಿಕ್ಕೇ ಅಂತ ನಾನು ತಿಳಿದಿದ್ದೆ. ಆದರೆ ಇದರ ಮೈಯೆಲ್ಲ ಮೆತ್ತನೆಯ ಕಬ್ಬಿಣ, ಬಾಯಿಯ ಕಡೆ ಮಾತ್ರ ಶಿರೋಗಾಮಿ ಉಕ್ಕಿನ ಪದರ. ಆ ಉಕ್ಕು ಎಷ್ಟು ಗಟ್ಟಿಯೋ ಅಷ್ಟೇ ಪೆಡಸು. ಒಂದೇ ಕಡೆ ಇಳಿಜಾರು ಇರುವುದರಿಂದ ಬೆನ್ನುಮೂಳೆಗೆ ಅಂಟಿಕೊಂಡೇ ಸಾಗುತ್ತದೆ. ಸನ್ಮಾಯ್ ಒರೋಶಿ, ಅಂದರೆ ಮೀನನ್ನು ಎರಡು ಬದಿಯ ಮಾಂಸ, ನಡುವಿನ ಮೂಳೆ ಅಂತ ಮೂರು ಭಾಗ ಮಾಡುವಾಗ ಮೂಳೆಯ ಮೇಲೆ ಮಾಂಸ ಉಳಿಯುವುದೇ ಇಲ್ಲ. ಅದರ ಭಾರ ಇರುವುದು ನಾವು ಜಾಸ್ತಿ ಒತ್ತಬಾರದು ಅಂತ. ಅಡ್ಡಕ್ಕೆ ತಿರುಚಿದರೆ ತಡೆಯುವುದಿಲ್ಲ.

ಹಿಂದಿನ ರಾತ್ರಿ ನಾನೇ ಅದನ್ನು ಮಸೆದಿದ್ದೆ. 1000 ನಂಬರಿನ ಸಾಣೆಕಲ್ಲು, ಆಮೇಲೆ ಇನ್ನೂ ನಯದ 4000. ಕೈಯ ಕೂದಲು ಹೋಗುವಷ್ಟು ಹರಿತ ಬಂದಿತ್ತು. ಖುಷಿಯಲ್ಲಿ ಹಿಡಿಯ ಹತ್ತಿರದ ಕೊಬಾವನ್ನೂ ಮಸೆದು ತೆಗೆದುಬಿಟ್ಟಿದ್ದೆ. ಮೂಳೆ ಕಡಿಯುವ ಜಾಗದಲ್ಲಿ ಆ ಕಿರಿದಾದ, ಮೊಂಡು ಅಂಚು ಇರಲೇಬೇಕು. ಮೊದಲ ತಪ್ಪು ಅದು.

ಶನಿವಾರ ಆರು ಗಂಟೆಗೆ ಹದಿನಾಲ್ಕು ಜನರ ಬುಕಿಂಗ್. ಎಲ್ಲರಿಗೂ ಕಬುತೊ-ನಿ, ಅಂದರೆ ರಸದಲ್ಲಿ ಬೇಯಿಸಿದ ಅರ್ಧ ಮೀನಿನ ತಲೆ. ಏಳು ತಾಯ್, ಏಳು ತಲೆ. ಶನಿವಾರದ ಶಿಕೋಮಿಗೆ, ಅಂದರೆ ಅಡುಗೆಯ ಮುಂಚಿನ ತಯಾರಿಗೆ, ಮೊದಲು ಇಬ್ಬರಿದ್ದೆವು. ಮಾಲೀಕರು ಅದನ್ನು ಒಬ್ಬರಿಗೆ ಇಳಿಸಿದ್ದರು. ಲೆಕ್ಕ ಬರೆಯುವವರಿಗೆ ತಾಯ್ ತಲೆ ಎಷ್ಟು ಗಟ್ಟಿ ಅಂತ ಗೊತ್ತಿರುವುದಿಲ್ಲ, ಅಲ್ವಾ?

ತಲೆಯನ್ನು ಬಾಯಿ ಮೇಲಾಗಿ ನಿಲ್ಲಿಸಿ, ಮುಂದಿನ ಎರಡು ಹಲ್ಲುಗಳ ನಡುವೆ ದೇಬಾದ ತುದಿ ಇಟ್ಟು, ನೇರವಾಗಿ ಕೆಳಗೆ ಒತ್ತಬೇಕು. ನಡುಗೆರೆ ಸಿಕ್ಕಿದರೆ ಸಲೀಸಾಗಿ ಎರಡು ಹೋಳಾಗುತ್ತದೆ. ನಾಲ್ಕು ಸರಿಯಾಗಿ ಬಂದವು. ಐದನೆಯದರಲ್ಲಿ ಗೆರೆ ಒಂಚೂರು ತಪ್ಪಿತು. ಅಲಗು ಅರ್ಧದಲ್ಲಿ ಸಿಕ್ಕಿಕೊಂಡಿತು. ಹೊರಗೆ ತೆಗೆದು ಮತ್ತೆ ಇಡಬೇಕಿತ್ತು. ನಾನು ಮಣಿಕಟ್ಟು ತಿರುಚಿದೆ. ಟಿಕ್ ಅಂತ ಸದ್ದಾಯಿತು. ಮೂಳೆ ಇರಬೇಕು ಅಂದುಕೊಂಡು ಉಳಿದ ಎರಡನ್ನೂ ಮುಗಿಸಿದೆ.

ದೇಬಾ ತೊಳೆಯುವಾಗ ಬೆರಳಿನಡಿ ಬಟ್ಟೆ ಸಿಕ್ಕಿಕೊಂಡಿತು. ನೋಡಿದರೆ ಹಿಡಿಯ ಹತ್ತಿರ, ಕತ್ತರಿಸಿ ಹಾಕಿದ ಉಗುರಿನ ಆಕಾರದಲ್ಲಿ ಒಂದು ಕಚ್ಚು. ಮೂರು ಮಿ.ಮೀ. ಇರಬಹುದು. ಗಂಟೆ 4:50.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಾನೇ ಹುಡುಕಿಬಿಡುತ್ತೇನೆ ಅಂದುಕೊಂಡೆ. ಫ್ರಿಜ್ ಬಾಗಿಲಿಗೆ ಶಿಫ್ಟ್ ಹಾಳೆ ಅಂಟಿಸಿದ್ದ ಮ್ಯಾಗ್ನೆಟ್ ಕಿತ್ತು ಹಲಗೆಯ ಮೇಲೆಲ್ಲ ಆಡಿಸಿದೆ. ಸಿಂಕಿನ ಅಂಚು, ನೆಲ, ನನ್ನ ಏಪ್ರನ್ ಎಲ್ಲ ನೋಡಿದೆ. ಕೈ ನಡುಗುತ್ತಿತ್ತು. ಅಷ್ಟರಲ್ಲಿ ಪಕ್ಕದವನು ತಲೆಗಳಿಗೆ ಬಿಸಿನೀರು ಹಾಕಿ ತೊಳೆದು, ಸೋಯಾ, ಸಾಕೆ, ಸಕ್ಕರೆ ಸುರಿದು ಒಲೆಗೆ ಇಟ್ಟಾಗಿತ್ತು. ನಾನು ಅದನ್ನು ನೋಡುತ್ತಲೇ ಇದ್ದೆ. ಎಂಟು ನಿಮಿಷ ಬಾಯಿ ಬಿಡಲಿಲ್ಲ.

ಕೊನೆಗೆ ಹೋಗಿ ಹೇಳಿದೆ. ನಮ್ಮ ಮುಖ್ಯ ಅಡುಗೆಯವರು, ತೈಶೋ, ಮೊದಲು ಗ್ಯಾಸ್ ಆಫ್ ಮಾಡಿದರು. ಆಮೇಲೆ ದೇಬಾ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಇದೇ ಹಲಗೆಯಲ್ಲಿ ಇವತ್ತು ಏನೇನು ಕೊಯ್ದೆ?" ಅಂತ ಕೇಳಿದರು. ನನ್ನ ಎದೆ ಧಸಕ್ ಎಂದಿತು. ಹಸಿಯಾಗಿಯೇ ಬಡಿಸುವ ಸಾಶಿಮಿಗೆ ಇಟ್ಟಿದ್ದ ಮಾಂಸವೆಲ್ಲ ಅದೇ ಹಲಗೆಯ ಪಕ್ಕದಲ್ಲಿತ್ತು. ಆ ಚೂರು ಸಿಗುವವರೆಗೆ ಯಾವುದನ್ನೂ ಹೊರಗೆ ಕಳಿಸುವ ಹಾಗಿರಲಿಲ್ಲ.

ಹದಿನಾಲ್ಕು ಹೋಳು, ಪಾತ್ರೆಯ ರಸ, ಎಲ್ಲ ಕಸಕ್ಕೆ ಹೋಯಿತು. 5:35ಕ್ಕೆ ಸಿಂಕಿನ ಜಾಲರಿಯಲ್ಲಿ, ಪೊರೆ ಮತ್ತು ರಕ್ತದ ಗಂಟಿನ ನಡುವೆ, ಮ್ಯಾಗ್ನೆಟ್‌ಗೆ ಅದು ಅಂಟಿತು. ಅಕ್ಕಿಕಾಳಿಗಿಂತ ಸಣ್ಣದು. ತೈಶೋ ಅದನ್ನು ಕೂದಲು ಕೀಳುವ ಚಿಮಟದಂಥ ಹೊನೆನುಕಿಯಲ್ಲಿ ಹಿಡಿದು ದೇಬಾದ ಕಚ್ಚಿಗೆ ಕೂರಿಸಿ ನೋಡಿದರು. ಎರಡು ಕಡೆಯೂ ಕೂಡಿತು. ಇನ್ನೊಂದು ಚೂರು ಉಳಿದಿಲ್ಲ ಅಂತ ಖಾತ್ರಿಯಾದ ಮೇಲೆಯೇ ಉಸಿರು ಬಿಟ್ಟರು. ಹದಿನಾಲ್ಕು ಜನರಿಗೂ ಅವರೇ ಹೋಗಿ ತಲೆಬಾಗಿ ಕ್ಷಮೆ ಕೇಳಿ, ಬದಲಿಗೆ ಸುಟ್ಟ ಮೀನು ಕೊಟ್ಟರು.

ನನಗೆ ಬೈದದ್ದು ಒಂದೇ ಮಾತಿನಲ್ಲಿ. "ಕತ್ತಿ ಮುರಿದರೆ ಮಸೆಯಬಹುದು. ತಲೆಗಳು ಒಲೆಗೆ ಹೋಗುವುದನ್ನು ನೋಡುತ್ತಾ ನಿಂತೆಯಲ್ಲ." ಇವತ್ತಿಗೂ ಆ ಮಾತು ಚುಚ್ಚುತ್ತದೆ.

ಮೂರು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಮಸೆದೆ. ಮೊದಲು ಒರಟು ಕಲ್ಲಿನಲ್ಲಿ ಕಚ್ಚು ಹೋಗುವವರೆಗೆ ಇಡೀ ಬಾಯಿಯನ್ನೇ ಹಿಂದಕ್ಕೆ ತಂದೆ. ಹಿಂಬದಿಯನ್ನು ನಯದ ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು, ಮಸೆದಾಗ ಅಂಚಿನಲ್ಲಿ ಏಳುವ ಸಣ್ಣ ಮುಳ್ಳು, ಅಂದರೆ ಕಎರಿ, ಹೋಗುವಷ್ಟು ಮಾತ್ರ ಉಜ್ಜಿದೆ. ಕೊಬಾ ಹಾಕುವಾಗ ತೈಶೋ ಪಕ್ಕದಲ್ಲೇ ನಿಂತಿದ್ದರು.

ಹೊಸ ಹುಡುಗನಿಗೆ ಎರಡು ವಿಷಯ ಹೇಳಿದೆ. ಸಿಕ್ಕಿಕೊಂಡರೆ ತಿರುಚಬೇಡ, ಹೊರಗೆ ತೆಗೆ. ಸದ್ದು ಕೇಳಿಸಿದರೆ ಕೈ ನಿಲ್ಲಿಸಿ ಅಲ್ಲಿಂದಲೇ ಕೂಗು. ತಲೆಗೆ ಅಂತಲೇ ಬೇರೆ ಒಂದು ದಪ್ಪ ದೇಬಾ ಕೊಡಿಸಿ ಅಂತ ಮಾಲೀಕರನ್ನು ಐದು ತಿಂಗಳಿಂದ ಕೇಳುತ್ತಿದ್ದೇವೆ. ಇನ್ನೂ ಬಂದಿಲ್ಲ. ಶನಿವಾರದ ಶಿಕೋಮಿಗೆ ಮಾತ್ರ ಮತ್ತೆ ಇಬ್ಬರಾಗಿದ್ದೇವೆ.